ಗೊರೇಬಾಳದಲ್ಲಿ ಬೆಕ್ಕು ಕಾದ ಹದಿನಾರು ದಿನ

ನಮ್ಮ ಅಕ್ಕನಿಗೆ ಎಪ್ಪತ್ತೆಂಟು ವರ್ಷ. 1965ರಲ್ಲಿ ಲಗ್ನವಾಗಿ ಗೊರೇಬಾಳಕ್ಕೆ ಹೋದವಳು, ಅಂದಿನಿಂದಲೂ ಒಮ್ಮೆ ಕಾಶಿ ನೋಡಬೇಕು ಎನ್ನುತ್ತಲೇ ಇದ್ದಳು. ಭಾವ ಇದ್ದಾಗ ಹೊಲ ಬಿಡುವಂತಿರಲಿಲ್ಲ. ಭಾವ ಹೋದ ಮೇಲೆ ಮೊಣಕಾಲು ನೋವು ಬಂತು. 2024ರ ಡಿಸೆಂಬರಿನಲ್ಲಿ ಮಗಳು ಅಳಿಯ ಅವಳನ್ನು ಕೇಳದೆಯೇ ಟಿಕೆಟ್ ತೆಗೆಸಿಬಿಟ್ಟರು. ಅವತ್ತು ರಾತ್ರಿ ಅಕ್ಕ ಧಾರವಾಡಕ್ಕೆ ಫೋನು ಮಾಡಿದಳು.

"ತಮ್ಮಾ, ನಾ ಹೋಗಂಗಿಲ್ಲ. ಸೋನಿನ್ನ ಯಾರ ಕೈಯಾಗ ಬಿಟ್ಟು ಹೋಗ್ಲಿ?"

ಸೋನಿ ಅಂದರೆ ಮೊಮ್ಮಗಳಲ್ಲ, ಬೆಕ್ಕು. ಪಡಸಾಲೆಯಲ್ಲಿ ಒಟ್ಟಿದ್ದ ಸೋನಾ ಮಸೂರಿ ಭತ್ತದ ಚೀಲಗಳ ಸಂದಿಯಲ್ಲಿ ಹುಟ್ಟಿದ್ದರಿಂದ ಅಕ್ಕ ಅದಕ್ಕೆ ಸೋನಾ ಮಸೂರಿ ಎಂದೇ ಹೆಸರಿಟ್ಟಿದ್ದಳು. ಕರೆಯುವಾಗ ಸೋನಿ. ಆರು ವರ್ಷದ ಹೆಣ್ಣು ಬೆಕ್ಕು, ಬಿಳಿ ಮೈ, ಬೆನ್ನ ಮೇಲೆ ಎರಡು ಕಂದು ಮಚ್ಚೆ, ಸಾಹುಕಾರರ ಹೊಟ್ಟೆ.

ನನಗೆ ಬೆಕ್ಕೆಂದರೆ ಅಷ್ಟಕ್ಕಷ್ಟೆ. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಹೇಳಿದ ಮಾತು ಕೇಳದ, ಸಹಿ ಹಾಕದ ಪ್ರಾಣಿಗಳ ಜೊತೆ ವ್ಯವಹಾರ ಗೊತ್ತಿಲ್ಲ. "ಒಂದು ಬುಟ್ಟಿಯಾಗ ಹಾಕಿ ಧಾರವಾಡಕ್ಕ ತರ್ತೀನಿ ಬಿಡು" ಎಂದೆ. ಬೆಂಗಳೂರಿನಲ್ಲಿ ಪಿಯುಸಿ ಓದುವ ಮೊಮ್ಮಗಳು ಇದನ್ನು ಕೇಳಿ ಫೋನಿನಲ್ಲೇ ನನ್ನನ್ನು ಗದರಿದಳು. ಬೆಕ್ಕಿಗೆ ಯಜಮಾನತಿ ಎಷ್ಟು ಮುಖ್ಯವೋ ತನ್ನ ಮನೆಯೂ ಅಷ್ಟೇ ಮುಖ್ಯವಂತೆ. ಯಜಮಾನತಿ ದೂರವಾದ ಹೊತ್ತಿನಲ್ಲಿ ಮನೆಯನ್ನೂ ಕಸಿದುಕೊಂಡರೆ ಅದಕ್ಕೆ ಎರಡು ಪೆಟ್ಟು. "ಅಜ್ಜ, ಬೆಕ್ಕು ನಿನ್ನ ಹತ್ತಿರ ಬರಬಾರದು, ನೀನೇ ಬೆಕ್ಕಿನ ಹತ್ತಿರ ಹೋಗಬೇಕು" ಎಂದಳು. ಹೋದೆ.

ಹುಬ್ಬಳ್ಳಿಯಿಂದ ಸಿಂಧನೂರಿಗೆ ಈಗ ರೈಲೇ ಇದೆ. ನಾನು 1983ರಲ್ಲಿ ಸಿಂಧನೂರಿನ ಶಾಖೆಗೆ ವರ್ಗವಾಗಿ ಬಂದಾಗ ಕೆಂಪು ಬಸ್ಸೊಂದೇ ಗತಿ. ಆಗ ರೈಲು ಬರುತ್ತದಂತೆ, ಬರುತ್ತದಂತೆ ಎನ್ನುತ್ತಿದ್ದರು. 2024ರ ಮಾರ್ಚಿನಲ್ಲಿ ಬಂತು! ಗದಗ, ಕೊಪ್ಪಳ ದಾಟುವವರೆಗೆ ಕರಿ ಎರೆ ಹೊಲ, ಕಡಲೆ, ಜೋಳ. ಗಿಣಿಗೇರಾದಲ್ಲಿ ರೈಲು ಹೊಸ ಮಾರ್ಗಕ್ಕೆ ಹೊರಳಿ ಗಂಗಾವತಿ ಸಮೀಪಿಸುತ್ತಿದ್ದಂತೆ ನೆಲದ ಬಣ್ಣವೇ ಬೇರೆ. ಎಲ್ಲಿ ನೋಡಿದರೂ ಭತ್ತದ ಗದ್ದೆ, ಅಕ್ಕಿ ಗಿರಣಿ. ಕೊಯ್ಲು ಮುಗಿಯುತ್ತಾ ಬಂದಿತ್ತು. ಕಾರಟಗಿ ದಾಟಿ ಸಿಂಧನೂರಿನಲ್ಲಿ ಇಳಿದು ಟಂಟಂ ಹತ್ತಿದರೆ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಚಾಲಕ ಅದನ್ನು ತುಳಿಯದಂತೆ ಹಾವಿನ ಹಾಗೆ ಗಾಡಿ ಓಡಿಸಿದ.

ಇದೆಲ್ಲ ತುಂಗಭದ್ರೆಯ ಎಡದಂಡೆ ಕಾಲುವೆಯ ಮಹಿಮೆ. ಅಕ್ಕ ಲಗ್ನವಾಗಿ ಬಂದಾಗ ಅವಳ ಅತ್ತೆ ಇನ್ನೂ ಹಗೇವಿನ ಜೋಳದ ಮಾತಾಡುತ್ತಿದ್ದರಂತೆ. ಮಕ್ಕಳೇ, ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ, ಬಾಯಿ ಮುಚ್ಚಿದರೆ ಇಲಿಗೂ ಸಿಕ್ಕದು. ಕಾಲುವೆ ಬಂತು, ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು, ಜೋಳ ಹೋಗಿ ಭತ್ತ ಬಂತು. ಹಗೇವಿನ ಕಾಳು ಚೀಲಕ್ಕೆ ಏರಿ ಪಡಸಾಲೆಗೆ ಬಂತು. ಚೀಲದ ಹಿಂದೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು. ನಾನು ಬೆಳೆಸಾಲದ ಕಾಗದ ಹಿಡಿದು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಳ್ಳಿಗಳನ್ನು ಸುತ್ತುತ್ತಿದ್ದಾಗ ಭತ್ತ ಒಟ್ಟಿದ ಮನೆಗಳಲ್ಲಿ ಬೆಕ್ಕಿಲ್ಲದ ಮನೆ ಕಂಡದ್ದು ಅಪರೂಪ.

ಇದು ಗೊರೇಬಾಳದ ಕಥೆ ಮಾತ್ರವಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಸಿಕ್ಕಿದೆ. ಮನುಷ್ಯ ಕಾಳು ಕೂಡಿಡಲು ಕಲಿತ ಮೇಲೆ ಬೆಕ್ಕು ತಾನಾಗಿಯೇ ಅವನ ಮನೆಗೆ ಬಂತು ಎನ್ನುತ್ತಾರೆ. ನಾಯಿಯ ಹಾಗೆ ಅದನ್ನು ಕಟ್ಟಿ ಪಳಗಿಸಿದವರಿಲ್ಲ. ಅದಕ್ಕೇ ಏನೋ, ಬೆಕ್ಕಿಗೆ ಮನುಷ್ಯರ ಹಂಗಿಲ್ಲ, ಹಾಲು ಕೊಟ್ಟವರೆಲ್ಲ ಅದಕ್ಕೆ ಒಂದೇ ಎಂದು ನಾವು ತಿಳಿದಿದ್ದೇವೆ. ನಾನೂ ಹಾಗೇ ತಿಳಿದಿದ್ದೆ.

ಎರಡು ದಿನ ಮೊದಲೇ ಬಾ ಎಂದು ಅಕ್ಕ ಹೇಳಿದ್ದಳು. ಆ ಎರಡು ದಿನ ಹಾಲನ್ನವನ್ನು ನನ್ನ ಕೈಯಿಂದಲೇ ಹಾಕಿಸಿದಳು. ಸೋನಿ ನನ್ನನ್ನು ನೋಡಿ, ಅಕ್ಕನನ್ನು ನೋಡಿ, ಉಂಡಿತು. ಇಷ್ಟೇನಾ ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಅಕ್ಕ ಅದಕ್ಕೆ ಉಣಿಸಿ, ತಲೆ ಸವರಿ, ಮಗಳು ಅಳಿಯನ ಜೊತೆ ಜೀಪು ಹತ್ತಿದಳು. ರಾಯಚೂರಿನಲ್ಲಿ ಅವರಿಗೆ ರೈಲು. ಜೀಪು ತಿರುವು ದಾಟುವವರೆಗೂ ಬೆಕ್ಕು ಕಟ್ಟೆಯ ಮೇಲೆ ಕೂತು ನೋಡುತ್ತಿತ್ತು.

ಆಮೇಲೆ ನಾನು ಮಾಡಿದ್ದನ್ನು ಮರೆಮಾಚದೆ ಹೇಳಬೇಕು. ಅಕ್ಕ ಬರುವಷ್ಟರಲ್ಲಿ ಮನೆ ಸ್ವಚ್ಛ ಮಾಡಿಡೋಣ ಎಂದು ಉತ್ಸಾಹ ಬಂತು. ಅವಳು ಬಿಚ್ಚಿಟ್ಟ ಸೀರೆ, ಹೊದೆಯುವ ಕೌದಿ, ದಿಂಬಿನ ಚೀಲ ಎಲ್ಲವನ್ನೂ ಸೋಪಿನ ನೀರಿನಲ್ಲಿ ನೆನೆಸಿ ಒಗೆಸಿದೆ. ಪಡಸಾಲೆ, ಅಡುಗೆಮನೆ ಎರಡಕ್ಕೂ ಫಿನಾಯಿಲ್ ಹಾಕಿ ಒರೆಸಿದೆ. ಮನೆ ಬ್ಯಾಂಕಿನ ಹಾಗೆ ಘಮಘಮಿಸಿತು.

ಮಧ್ಯಾಹ್ನ ಸೋನಿ ಒಳಗೆ ಬಂತು. ಹೊಸ್ತಿಲ ಬಳಿ ನಿಂತು ಮೂಗೆತ್ತಿತು. ಅಕ್ಕನ ಮಂಚ ಹತ್ತಿ ಮೂಲೆ ಮೂಲೆ ಮೂಸಿತು, ಇಳಿಯಿತು, ಮತ್ತೆ ಹತ್ತಿತು. ಕೊನೆಗೆ ಅಟ್ಟ ಏರಿ ಹಳೆಯ ಹಗ್ಗದ ಸಿಂಬೆಗಳ ಹಿಂದೆ ಕೂತುಬಿಟ್ಟಿತು. ಸಂಜೆ ಹಾಲನ್ನ ಇಟ್ಟೆ, ಬರಲಿಲ್ಲ. ರಾತ್ರಿ ಒಂದು ಗಂಟೆಗೆ ಮುಂಬಾಗಿಲ ಹತ್ತಿರ ಕೂಗು ಶುರುವಾಯಿತು. ಬೆಕ್ಕು ಜಗಳಾಡುವ ಕೂಗಲ್ಲ, ಮರಿ ಕಳಕೊಂಡಾಗಿನ ಹಾಗೆ ಉದ್ದಕ್ಕೆ ಎಳೆದು ಕೂಗುವುದು. ಬಾಗಿಲು ತೆಗೆದೆ, ಹೊರಗೆ ಹೋಗಲಿಲ್ಲ. ಮುಚ್ಚಿದೆ, ಮತ್ತೆ ಕೂಗಿತು. ಬೆಳಿಗ್ಗೆ ನೋಡಿದರೆ ಅಕ್ಕನ ಮಂಚದ ಮೇಲೆ ಉಚ್ಚೆ ಹೊಯ್ದಿತ್ತು. ಆರು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದ್ದಿಲ್ಲವಂತೆ. ನನಗೆ ಸಿಟ್ಟು ಬಂತು, ಒಂದು ಕೈ ಎತ್ತಿದೆ. ಅದು ಮತ್ತೆ ಅಟ್ಟ ಸೇರಿತು.

ಎರಡನೆಯ ದಿನವೂ ಉಪವಾಸ. ಗಂಗಾಳದ ಹಾಲಿಗೆ ಇರುವೆ ಮುತ್ತಿದವು. ಸಂಜೆ ಅಕ್ಕನ ಫೋನು, ರೈಲಿನಿಂದಲೇ. ನಾನು ಉಂಡೆನಾ ಎಂದು ಕೇಳಲಿಲ್ಲ.

"ಸೋನಿ ಉಂಡೈತೇನು?"

"ಹ್ಞೂಂ, ಉಂಡೈತಿ" ಎಂದೆ.

ಮೂವತ್ತಾರು ವರ್ಷದಲ್ಲಿ ಒಂದು ಸುಳ್ಳು ಲೆಕ್ಕ ಬರೆಯದವನು ಅಕ್ಕನಿಗೆ ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ಅವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬರುತ್ತಿದ್ದಳು, ಅಷ್ಟು ಖಾತ್ರಿ. ಆ ಸುಳ್ಳನ್ನಾದರೂ ನಿಜ ಮಾಡೋಣ ಎಂದು ಸ್ಪೀಕರ್ ಹಾಕಿ ಫೋನನ್ನು ಅಟ್ಟದ ಕೆಳಗೆ ಹಿಡಿದೆ. "ಸೋನೀ, ಬಾರs ನನ್ನವ್ವಾ" ಎಂದು ಅಕ್ಕ ಕರೆದಳು. ಬೆಕ್ಕು ಬಾಣದ ಹಾಗೆ ಇಳಿದು ಬಂತು. ಫೋನನ್ನು ಮೂಸಿತು, ಫೋನಿನ ಹಿಂದೆ ನೋಡಿತು, ನನ್ನ ಬೆನ್ನ ಹಿಂದೆ ನೋಡಿತು, ಬಾಗಿಲಿಗೆ ಓಡಿತು. ಅಕ್ಕ ಇಲ್ಲ. ಆ ರಾತ್ರಿ ಕೂಗು ಮೊದಲಿನದಕ್ಕಿಂತ ಜೋರಾಯಿತು. ಅಕ್ಕನಿಗೆ ಮಾತ್ರ ಸಮಾಧಾನ: "ಚಲೋ ಐತಿ ಬಿಡು, ಮಾತಾಡಿಸಿದ್ರ ಬರ್ತೈತಿ."

ಜಪಾನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ ಎಂದು ಮೊಮ್ಮಗಳು ಆಮೇಲೆ ಹೇಳಿದಳು. ಬೆಕ್ಕುಗಳು ಮನೆಯವರ ದನಿಯನ್ನು ಅಪರಿಚಿತರ ದನಿಯಿಂದ ಬೇರೆ ಮಾಡಿ ಗುರುತಿಸುತ್ತವೆ. ಕಿವಿ ಹೊರಳಿಸುತ್ತವೆ, ತಲೆ ತಿರುಗಿಸುತ್ತವೆ, ಆದರೆ ಎದ್ದು ಬರುವ ಗೋಜಿಗೆ ಹೋಗುವುದು ಕಡಿಮೆ. ಇನ್ನು ಬ್ರೆಜಿಲ್‌ನಲ್ಲಿ 223 ಸಾಕುಬೆಕ್ಕುಗಳ ಬಗ್ಗೆ ಅವುಗಳ ಯಜಮಾನರನ್ನು ಕೇಳಿ ಮಾಡಿದ ಅಧ್ಯಯನ 2020ರಲ್ಲಿ ಬಂತು. ಅವುಗಳಲ್ಲಿ ನೂರಕ್ಕೆ ಹದಿಮೂರರಷ್ಟು ಬೆಕ್ಕುಗಳು ಯಜಮಾನರಿಲ್ಲದಾಗ ಕೂಗುವುದು, ಸಾಮಾನು ಕೆಡವುವುದು, ಬೇಡದ ಕಡೆ ಉಚ್ಚೆ ಮಾಡುವುದು ಇಂಥ ಲಕ್ಷಣ ತೋರಿದವಂತೆ. ಹದಿಮೂರರಲ್ಲಿ ಒಂದು ನನ್ನ ಪಾಲಿಗೆ ಬಂದಿತ್ತು.

ಮೂರನೆಯ ದಿನ ಬೆಳಿಗ್ಗೆ ಸಿಂಧನೂರಿನ ಪಶು ಆಸ್ಪತ್ರೆಗೆ ಹೋದೆ. ಎಮ್ಮೆ, ಕುರಿ ಹಿಡಿದವರ ಸಾಲಿನಲ್ಲಿ ಕೈಯಲ್ಲಿ ಏನೂ ಇಲ್ಲದೆ ನಿಂತವನು ನಾನೊಬ್ಬನೇ. ಡಾಕ್ಟರು ಹಿಂದಿನ ವರ್ಷ ಸೋನಿಗೆ ಸೂಜಿ ಹಾಕಿದ್ದವರು, ನೆನಪಿಟ್ಟಿದ್ದರು.

"ಎಷ್ಟು ಹೊತ್ತಾತ್ರಿ ಉಂಡು?"

"ಮೊನ್ನೆ ಬೆಳಿಗ್ಗೆ ಉಂಡಿದ್ದು."

ಅವರ ಮುಖ ಗಂಭೀರವಾಯಿತು. ನಾಯಿ ನಾಲ್ಕು ದಿನ ಉಪವಾಸ ಇದ್ದರೂ ತಡೆದೀತು, ಬೆಕ್ಕಿನ ವಿಷಯ ಹಾಗಲ್ಲ ಎಂದರು. ಬೆಕ್ಕು ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಲಿವರಿಗೆ ಬಂದು ತುಂಬತೊಡಗುತ್ತದೆ. ಅಷ್ಟನ್ನು ಅರಗಿಸುವ ಶಕ್ತಿ ಅದರ ಲಿವರಿಗಿಲ್ಲ. ದಪ್ಪ ಬೆಕ್ಕಿಗೆ ಇನ್ನೂ ಹೆಚ್ಚು ಅಪಾಯ. ಕಣ್ಣು, ಒಸಡು ಹಳದಿಯಾಗುವವರೆಗೆ ಕಾದರೆ ಉಳಿಸುವುದು ಕಷ್ಟ. "ಇವತ್ತು ಸಂಜಿಗೆ ತುಸುವಾದ್ರೂ ತಿನ್ನಬೇಕು. ಇಲ್ಲಂದ್ರ ನಾಳೆ ಬೆಳಿಗ್ಗೆ ಹಿಡಕೊಂಡು ಬರ್ರಿ, ತಡ ಮಾಡಬ್ಯಾಡ್ರಿ."

ಮನೆ ಒಗೆದದ್ದು, ಒರೆಸಿದ್ದು ಎಲ್ಲ ಹೇಳಿದೆ. ಅವರು ತಲೆಗೆ ಕೈ ಹಚ್ಚಿಕೊಂಡರು. ಬೆಕ್ಕು ಕೆನ್ನೆ ಉಜ್ಜುವುದು ಪ್ರೀತಿಗೆಂದು ನಾವು ತಿಳಿಯುತ್ತೇವೆ. ಅದು ತನ್ನ ವಾಸನೆ ಹಚ್ಚುವುದು. ಬಾಗಿಲಿಗೆ, ಮಂಚದ ಕಾಲಿಗೆ, ಅಕ್ಕನ ಸೀರೆಗೆ ಹಚ್ಚಿ ಹಚ್ಚಿ ಆರು ವರ್ಷ ಕಟ್ಟಿಕೊಂಡಿದ್ದ ಮನೆಯನ್ನು ನಾನು ಒಂದು ಮಧ್ಯಾಹ್ನದಲ್ಲಿ ಅಳಿಸಿಹಾಕಿದ್ದೆ. ಅಕ್ಕ ಹೋದಳು, ಅವಳ ವಾಸನೆಯೂ ಹೋಯಿತು. ಮಂಚದ ಮೇಲೆ ಉಚ್ಚೆ ಹೊಯ್ದದ್ದು ಸೇಡಿಗಲ್ಲ. ಗಾಬರಿಯಾದ ಬೆಕ್ಕು ತನ್ನ ವಾಸನೆಯನ್ನು ಯಜಮಾನತಿ ಮಲಗುವ ಜಾಗಕ್ಕೆ ಸೇರಿಸಿ ಧೈರ್ಯ ತಂದುಕೊಳ್ಳುವುದುಂಟಂತೆ. ನಾನು ಕೈ ಎತ್ತಿದ್ದನ್ನು ಡಾಕ್ಟರಿಗೆ ಹೇಳಲಿಲ್ಲ. ಫಿನಾಯಿಲ್ ಅಂತೂ ಬೆಕ್ಕಿಗೆ ವಿಷ. ಪಾದಕ್ಕೆ ಹತ್ತಿದ್ದನ್ನು ಅದು ನೆಕ್ಕಿಕೊಳ್ಳುತ್ತದಲ್ಲ. ಮೊದಲು ಬಿಸಿನೀರಿನಲ್ಲಿ ಎರಡು ಸಲ ನೆಲ ಒರೆಸಿ ಎಂದರು. "ಅಮ್ಮಾರು ಉಟ್ಟಿದ್ದು, ಒಗೀಲಾರದ್ದು ಏನರೆ ಉಳದೈತೇನ್ರಿ? ಹುಡುಕ್ರಿ. ಮತ್ತ ಅವರು ಯಾವ ಹೊತ್ತಿಗೆ ಏನು ಮಾಡ್ತಿದ್ರೋ ಅದನ್ನ ನೀವು ಅದೇ ಹೊತ್ತಿಗೆ ಮಾಡ್ರಿ. ಅದರ ಹಿಂದ ಬೀಳಬ್ಯಾಡ್ರಿ, ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ." ಮೀನು, ಮೊಟ್ಟೆ ತರಲೇ ಎಂದು ಕೇಳಿದೆ. ಬೆಕ್ಕು ಮಾಂಸಾಹಾರಿ ಪ್ರಾಣಿ, ಹಾಲನ್ನ ಅದರ ಸರಿಯಾದ ಊಟವಲ್ಲ, ಸೋನಿ ಇಲಿ ಹಿಡಿದು ಸರಿದೂಗಿಸಿಕೊಳ್ಳುತ್ತಿದೆ. ಅದನ್ನೆಲ್ಲ ಅಮ್ಮಾರು ಬಂದ ಮೇಲೆ ತಿದ್ದೋಣ, ಈಗ ಏನನ್ನೂ ಬದಲಿಸಬೇಡಿ ಎಂದರು.

ಒಗೆಯದ ಬಟ್ಟೆ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಅಷ್ಟು ಚೊಕ್ಕ ಕೆಲಸ ನನ್ನದು! ದಿಕ್ಕು ತೋಚದೆ ಕಟ್ಟೆಯ ಮೇಲೆ ಕೂತಿದ್ದಾಗ ಪಕ್ಕದ ಮನೆಯ ಹುಡುಗ ಬಂದ. ಆರನೆಯ ಇಯತ್ತೆ. ಅಕ್ಕನ ಹತ್ತಿರ ಮಗ್ಗಿ ಹೇಳಿಸಿಕೊಳ್ಳುವವನು.

"ತಾತಾ, ಅಮ್ಮ ಹೊಲಿಯೋ ಕೌದಿ ಜಂತಿ ಮ್ಯಾಲಿನ ಬುಟ್ಟಿಯಾಗ ಐತಲ್ಲ?"

ಸ್ಟೂಲು ಹಾಕಿ ಇಳಿಸಿದೆವು. ಅರ್ಧ ಹೊಲಿದ ಕೌದಿ, ಸೂಜಿ ಚುಚ್ಚಿದ ಹಾಗೇ ಇತ್ತು. ಹಳೆಯ ಇಳಕಲ್ ಸೀರೆಯ ತುಂಡುಗಳು, ಅದರ ತುಂಬ ಬಿಳಿ ಕೂದಲು. ಅಕ್ಕ ಮಧ್ಯಾಹ್ನ ಹೊಲಿಯುವಾಗ ಸೋನಿ ಅದರ ಮೇಲೆಯೇ ಮಲಗುವುದಂತೆ. ಸೂಜಿ ತೆಗೆದಿಟ್ಟು ಮಂಚದ ಮೇಲೆ ಹಾಸಿದೆ. ಹುಡುಗ ಇನ್ನೂ ಒಂದು ಲೆಕ್ಕ ಒಪ್ಪಿಸಿದ. ನಾನು "ಬಾ ಬಾ, ಪುಸ್ ಪುಸ್" ಎಂದು ಕರೆಯುವುದು ತಪ್ಪು. ಅಮ್ಮ ಗಂಗಾಳದ ಅಂಚಿಗೆ ಚಮಚದಿಂದ ಮೂರು ಸಲ ಬಡಿಯುತ್ತಾಳೆ, ಕರೆಯುವುದೇ ಇಲ್ಲ. ಸಂಜೆ ಐದಕ್ಕೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾಳೆ, ಆಮೇಲೆಯೇ ಊಟ. "ಮೊರದ ಸಪ್ಪಳ ಕೇಳಿದ್ರ ಅದು ಎಲ್ಲಿದ್ರೂ ಬರ್ತೈತಿ, ತಾತಾ."

ಎಪ್ಪತ್ತಮೂರು ವರ್ಷದಲ್ಲಿ ಮೊರ ಹಿಡಿದವನಲ್ಲ. ಐದಕ್ಕೆ ಸರಿಯಾಗಿ ಅಕ್ಕನ ಜಾಗದಲ್ಲಿ, ಅಟ್ಟಕ್ಕೆ ಬೆನ್ನು ಮಾಡಿ ಕೂತೆ. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಹುಡುಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಆರು ಗಂಟೆಯಾಯಿತು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ. ಸೊಂಟ ಹಿಡಿಯಿತು. ನಾಳೆ ಬೆಳಿಗ್ಗೆ ಬೆಕ್ಕನ್ನು ಯಾವುದರಲ್ಲಿ ಹಾಕಿ ಒಯ್ಯುವುದು, ಅದು ಉಳಿಯದಿದ್ದರೆ ಅಕ್ಕನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಅವಳು ಹೋದದ್ದೇ ನನ್ನನ್ನು ನಂಬಿ.

ದೀಪ ಹಾಕಿದ ಮೇಲೆ ಮಂಚದ ಮೇಲೆ ಧಪ್ಪೆಂದು ಸದ್ದಾಯಿತು. ತಿರುಗಲಿಲ್ಲ. ಹುಡುಗ ಪಿಸುಗುಟ್ಟಿ ವರದಿ ಕೊಡುತ್ತಿದ್ದ: "ಕೌದಿ ಮೂಸಾಕತ್ತೈತಿ... ಕಾಲಿಲೆ ತುಳಿಯಾಕತ್ತೈತಿ... ಮಲಗ್ತು." ನಾನು ಗಂಗಾಳವನ್ನು ಮೂರು ಸಲ ಬಡಿದು, ಉಗುರು ಬೆಚ್ಚಗಿನ ಹಾಲನ್ನ ಇಟ್ಟು, ಅಡುಗೆಮನೆಗೆ ಎದ್ದು ಹೋದೆ. ಕತ್ತಲಲ್ಲಿ ನಿಂತು ಕೇಳಿಸಿಕೊಂಡೆ. ಬಹಳ ಹೊತ್ತಿನ ಮೇಲೆ ನಾಲಿಗೆಯ ಸದ್ದು ಬಂತು. ನಾಲ್ಕು ತುತ್ತಿರಬಹುದು. ಡಾಕ್ಟರಿಗೆ ಫೋನು ಮಾಡಿದೆ. "ಸಾಕು, ರಾತ್ರಿ ಇನ್ನೊಮ್ಮೆ ಇಡ್ರಿ" ಎಂದರು. ರಾತ್ರಿ ಇಟ್ಟದ್ದು ಬೆಳಿಗ್ಗೆ ಖಾಲಿಯಾಗಿತ್ತು. ಅಕ್ಕನಿಗೆ ಫೋನು ಮಾಡಿ "ಉಂಡೈತಿ" ಎಂದೆ. "ನಿನ್ನೇನೂ ಹೇಳಿದ್ಯಲ್ಲೋ" ಎಂದಳು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ದಿನಾ ಐದಕ್ಕೆ ಮೊರ. ಬೆಕ್ಕು ಎದುರಾದಾಗ ಕಣ್ಣನ್ನು ಮೆಲ್ಲಗೆ ಮುಚ್ಚಿ ಮೆಲ್ಲಗೆ ತೆರೆಯಬೇಕೆಂದು ಮೊಮ್ಮಗಳು ಹೇಳಿಕೊಟ್ಟಳು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2020ರಲ್ಲಿ ಬರೆದಿದ್ದಾರೆ, ಬೆಕ್ಕುಗಳೂ ಹಾಗೆಯೇ ಕಣ್ಣು ಮುಚ್ಚಿ ಉತ್ತರಿಸುತ್ತವಂತೆ. ಮಕ್ಕಳೇ, ನೀವೂ ಮಾಡಿ ನೋಡಿ, ಖರ್ಚಿಲ್ಲ. ಸೋನಿ ಆರನೆಯ ದಿನ ಉತ್ತರ ಕೊಟ್ಟಿತು. ಏಳನೆಯ ದಿನ ಒಂದು ಇಲಿ ತಂದು ನನ್ನ ಚಪ್ಪಲಿಯ ಮೇಲಿಟ್ಟಿತು. ಅಕ್ಕನ ದನಿಯನ್ನು ಮತ್ತೆ ಅದಕ್ಕೆ ಕೇಳಿಸಲಿಲ್ಲ. ಫೋನು ಬಂದರೆ ಕಟ್ಟೆಗೆ ಎದ್ದು ಹೋಗುತ್ತಿದ್ದೆ.

ಕಟ್ಟೆಯ ಮೇಲೆ ಕೂತರೆ ಊರಿನ ಮಾತೆಲ್ಲ ಕಿವಿಗೆ ಬೀಳುತ್ತಿತ್ತು. ಆ ವರ್ಷ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರು ನಿದ್ದೆಗೆಟ್ಟಿದ್ದರು. ತಾತ್ಕಾಲಿಕ ಗೇಟು ಕೂಡಿಸಿ, ಮತ್ತೆ ಮಳೆ ಬಂದು, ಬೆಳೆ ಕೈಗೆ ಬಂದಿತ್ತು. ಅದೇ ಮಾತು ಎಲ್ಲರ ಬಾಯಲ್ಲಿ. ನಾನು 1983ರಲ್ಲಿ ಸಾಲ ಕೊಟ್ಟವರ ಮೊಮ್ಮಕ್ಕಳು ಬಂದು "ನಮ್ಮ ತಾತನ ಸಾಲ ಮುಟ್ಟೈತಿಲ್ರಿ?" ಎಂದು ತಮಾಷೆ ಮಾಡಿದರು.

ಒಂಬತ್ತನೆಯ ದಿನ ಅರ್ಧ ದಿನದ ಮಟ್ಟಿಗೆ ಹುಡುಗನನ್ನು ಕರೆದುಕೊಂಡು ಮಸ್ಕಿಗೆ ಹೋದೆ. ಬೆಕ್ಕು ಒಂಟಿಯಾಗಿ ಹೇಗಿರುತ್ತದೆ ನೋಡುವುದೂ ಇತ್ತು. ಹೊರಡುವಾಗ ತಲೆ ಸವರಿ ಬೀಳ್ಕೊಡಲಿಲ್ಲ, ಸುಮ್ಮನೆ ಚೀಲ ಹಿಡಿದು ಹೊರಟೆ. ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಶಾಸನ ಸಿಕ್ಕಿದ್ದು 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ ಎಂಬ ಬಿರುದಿತ್ತೇ ಹೊರತು ರಾಜನ ಹೆಸರಿರಲಿಲ್ಲ. ಮಸ್ಕಿಯದರಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ಹುಡುಗನಿಗೆ ಇದು ಪಾಠದಲ್ಲಿದೆ, ನನಗಿಂತ ಚೆನ್ನಾಗಿ ಹೇಳಿದ. ಅವನ ಪ್ರಶ್ನೆ ಬೇರೆ: "ಅಶೋಕನ ಕಾಲದಾಗ ದನದ ದವಾಖಾನಿ ಇತ್ತೇನು, ತಾತಾ?" ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿಸಿದ್ದೇನೆಂದು ಅಶೋಕ ಬರೆಸಿದ್ದು ನಿಜ, ಆದರೆ ಅದು ಬೇರೆ ಶಾಸನ, ಈ ಬಂಡೆಯದಲ್ಲ ಎಂದೆ. ಮನೆಗೆ ಬಂದಾಗ ಸೋನಿ ಭತ್ತದ ಚೀಲದ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗಿತ್ತು.

ಹದಿಮೂರನೆಯ ದಿನ ಸಂಜೆ ಅಕ್ಕ ಬಂದಳು. ಕೈಯಲ್ಲಿ ಗಂಗಾಜಲದ ತಂಬಿಗೆ, ಜೀಪಿನಿಂದ ಇಳಿಯುವಾಗಲೇ "ಸೋನೀ" ಎಂದಳು. ಬೆಕ್ಕು ಬಂತು, ಅವಳ ಕಾಲು ಮೂಸಿತು, ಬೆನ್ನು ತಿರುಗಿಸಿ ನನ್ನ ಪಕ್ಕ ಬಂದು ಕೂತುಬಿಟ್ಟಿತು. ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳ ಮೈಯಲ್ಲಿ ಅವತ್ತು ರೈಲು, ಕಾಶಿ, ಕರ್ಪೂರ, ಎಲ್ಲದರ ವಾಸನೆ. ಸ್ನಾನ ಮಾಡಿ, ಕೌದಿ ಹೊದ್ದು ಮಲಗು, ಕರೆಯಬೇಡ ಎಂದೆ. ಬೆಳಗಿನ ಜಾವ ನೋಡಿದರೆ ಅವಳ ಕತ್ತಿನ ಹತ್ತಿರ ಬೆಳ್ಳಗೆ ಒಂದು ಉಂಡೆ.

ಚಹಾ ಕುಡಿಯುವಾಗ ಎಲ್ಲವನ್ನೂ ಹೇಳಿದೆ. ಫಿನಾಯಿಲ್, ಎತ್ತಿದ ಕೈ, ರೈಲಿಗೆ ಹೇಳಿದ ಸುಳ್ಳು. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು.

"ನನಗ ಗೊತ್ತಿತ್ತು. ನಿನ್ನ ದನಿ ಗೊತ್ತಾಗಂಗಿಲ್ಲೇನು? ರೈಲಿನ್ಯಾಗ ರಾತ್ರಿಯೆಲ್ಲ ಕುಂತs ಇದ್ದೆ."

"ಮತ್ತ ಇಳಿದು ಬರಲಿಲ್ಲಲ್ಲ?"

"ನೀ ಇದ್ದೆಲ್ಲ" ಎಂದಳು.

ಮರುದಿನ ಬೆಳಿಗ್ಗೆ ಚೀಲ ಕಟ್ಟುತ್ತಿದ್ದರೆ ಸೋನಿ ಅದರೊಳಗೆ ಇಳಿದು ಕೂತಿತ್ತು. ಅಕ್ಕ ಅದನ್ನು ಎತ್ತಿಕೊಂಡು, ನಾನು ಒಗೆಯಲು ಬಕೆಟ್ಟಿಗೆ ಹಾಕಿದ್ದ ಬನಿಯನ್ನನ್ನೂ ಎತ್ತಿಕೊಂಡಳು. "ಇದನ್ನ ಒಗೀಬ್ಯಾಡ. ಇಲ್ಲೇ ಬಿಟ್ಟು ಹೋಗು" ಎಂದಳು. ಅಷ್ಟರಲ್ಲಿ ಟಂಟಂ ಬಂತು.